ಚಕ್ಕುಬಂದಿಯೊಳಗಿನ ಕಲ್ಲು

ಬೆಂಗಳೂರಿನ ಸುತ್ತ ಒಂದು ನಿವೇಶನ ಕೊಳ್ಳಬೇಕಾದರೆ ನಮ್ಮವರು ನೋಡದ ಕಾಗದವಿಲ್ಲ. ಪಹಣಿ, ಮ್ಯುಟೇಶನ್, ಮೂವತ್ತು ವರ್ಷದ ಇ.ಸಿ., ವಂಶವೃಕ್ಷ, ಪಾಲುಪಟ್ಟಿ, ಆಕಾರ್‌ಬಂದ್, ಗ್ರಾಮನಕಾಶೆ, ಭೂಪರಿವರ್ತನೆಯ ಆದೇಶ. ವಕೀಲರು ಒಂದೊಂದನ್ನೂ ತಿರುವಿಹಾಕಿ, ಪೆನ್ಸಿಲಿನಲ್ಲಿ ಗುರುತು ಮಾಡಿ, ಎಲ್ಲ ಸರಿಯಿದೆ ಎಂದ ಮೇಲೇ ಮುಂಗಡ. ಕೊನೆಗೆ ಕ್ರಯಪತ್ರ. ಅದರ ಷೆಡ್ಯೂಲಿನಲ್ಲಿ ಚಕ್ಕುಬಂದಿ: ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ರಸ್ತೆ, ಉತ್ತರಕ್ಕೆ ಕೆರೆಯ ಏರಿ, ದಕ್ಷಿಣಕ್ಕೆ ಇಷ್ಟನೇ ನಂಬರಿನ ನಿವೇಶನ. ಅದರ ಹಿಂದೆಮುಂದೆ ಎಲ್ಲೋ ಒಂದು ಸಾಲು ಇರುತ್ತದೆ. ಈ ಸ್ವತ್ತಿಗೆ ಸೇರಿದ ನಿಧಿ, ನಿಕ್ಷೇಪ, ಜಲ, ತರು, ಪಾಷಾಣ ಮುಂತಾದ ಸಕಲ ಹಕ್ಕುಗಳೂ ಇನ್ನು ಮೇಲೆ ನಿಮ್ಮವು ಎಂಬ ಸಾಲು. ಪತ್ರ ಬರೆಯುವವರು ಅದನ್ನು ರೂಢಿಯಿಂದ ಬರೆಯುತ್ತಾರೆ. ಕೊಳ್ಳುವವರು ಅದನ್ನು ದಾಟಿ ಸಹಿ ಹಾಕುವ ಜಾಗ ಹುಡುಕುತ್ತಾರೆ.

ಆ ಸಾಲು ಪತ್ರಬರಹಗಾರರು ಕಟ್ಟಿದ್ದಲ್ಲ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಎಂಟು ಭೋಗಗಳ ಪಟ್ಟಿ ವಿಜಯನಗರ ಕಾಲದ ದಾನಶಾಸನಗಳಲ್ಲಿ ಇದೇ ವರಸೆಯಲ್ಲಿ ಬರುತ್ತದೆ. ಚಕ್ಕುಬಂದಿಯೂ ಅಲ್ಲಿಂದಲೇ ಬಂದದ್ದು. ಮೂಡಲು ಹಳ್ಳ, ತೆಂಕಲು ಹುತ್ತ, ಪಡುವಲು ಬಿಳಿಯ ಬಂಡೆ, ಬಡಗಲು ಹುಣಿಸೆಮರ ಎಂದು ನಾಲ್ಕು ದಿಕ್ಕಿನ ಎಲ್ಲೆ ಹೇಳಿ, ಇಷ್ಟು ಖಂಡುಗ ಬೀಜ ಬೀಳುವ ಗದ್ದೆ, ಇಷ್ಟು ಬೆದ್ದಲು ಎಂದು ಅಳತೆ ಹೇಳಿ, ಕೊಟ್ಟವರಾರು, ಪಡೆದವರಾರು, ಸಾಕ್ಷಿಗಳಾರು ಎಂಬುದನ್ನೆಲ್ಲ ಕಲ್ಲಿನಲ್ಲಿ ಕೆತ್ತಿಸಿ, ಆ ಕಲ್ಲನ್ನು ಅದೇ ಹೊಲದಲ್ಲಿ ನೆಡುತ್ತಿದ್ದರು. ಅಂದರೆ ಹೊಲದ ಬದುವಿನಲ್ಲಿ ವಾಲಿಕೊಂಡು ನಿಂತ ಆ ‘ಅಕ್ಷರದ ಕಲ್ಲು’ ಆ ಭೂಮಿಯ ಮೊದಲ ಪಹಣಿ. ಮೂವತ್ತು ವರ್ಷದ ಇ.ಸಿ.ಗೆ ಕಚೇರಿ ಅಲೆಯುವ ನಾವು, ಸಾವಿರ ವರ್ಷದ ದಾಖಲೆ ಕಣ್ಣೆದುರೇ ನಿಂತಿದ್ದರೂ ಅದನ್ನು ಜೆಸಿಬಿಯ ಬಕೆಟ್ಟಿಗೆ ಕೊಟ್ಟುಬಿಡುತ್ತೇವೆ.

ಕಲ್ಲು ನಿಲ್ಲಿಸಿದವರಿಗೆ ಈ ಭಯ ಆಗಲೇ ಇತ್ತು. ತಾನು ಕೊಟ್ಟ ಭೂಮಿಯನ್ನೇ ಆಗಲಿ, ಬೇರೆಯವರು ಕೊಟ್ಟದ್ದನ್ನೇ ಆಗಲಿ ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆ ಎಂಬ ಶಾಪ ದಾನಶಾಸನಗಳ ಕೊನೆಯಲ್ಲಿ ಸಾಲುಸಾಲಾಗಿ ಬರುತ್ತದೆ. ಓದಲು ಬಾರದವರಿಗಾಗಿ ಕತ್ತೆಯ ಚಿತ್ರ ಕೆತ್ತಿ ಹೆದರಿಸಿದ ಕಲ್ಲುಗಳೂ ಇವೆ. ಮೇಲೆ ಸೂರ್ಯ ಚಂದ್ರ. ಅವು ಇರುವವರೆಗೆ ಈ ಮಾತು ನಡೆಯಬೇಕು ಎಂದು ಅರ್ಥ. ಶಾಪಕ್ಕೆ ಹೆದರುವ ಕಾಲ ಹೋಯಿತು. ಅದರ ಜಾಗಕ್ಕೆ ಕಾನೂನು ಬರಬೇಕಿತ್ತು. ಅರ್ಧ ಬಂದಿದೆ.

ಹೆಬ್ಬಾಳದ ಕಿತ್ತಯ್ಯ

2018ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಚರಂಡಿಗಾಗಿ ನೆಲ ಅಗೆಯುವಾಗ ಒಂದು ಕಲ್ಲು ಸಿಕ್ಕಿತು. ಚರಂಡಿ ಕೆಲಸದಲ್ಲಿ ಸಿಗುವ ಕಲ್ಲುಗಳ ಗತಿ ಎಲ್ಲರಿಗೂ ಗೊತ್ತು, ಪಕ್ಕಕ್ಕೆ ಎಳೆದು ಹಾಕುತ್ತಾರೆ, ಇಲ್ಲವೇ ಒಡೆದು ಅಲ್ಲೇ ತುಂಬುತ್ತಾರೆ. ಈ ಕಲ್ಲಿನ ಪುಣ್ಯ, ಅಕ್ಷರ ನೋಡಿದವರಿದ್ದರು, ಸುದ್ದಿ ಮುಟ್ಟಬೇಕಾದವರಿಗೆ ಮುಟ್ಟಿತು. ಓದಿ ನೋಡಿದರೆ ಗಂಗರ ಶ್ರೀಪುರುಷನ ಕಾಲದ ವೀರಗಲ್ಲು, ಕ್ರಿ.ಶ. 750ರ ಆಸುಪಾಸಿನದು. ಕಿತ್ತಯ್ಯ ಎಂಬವನು ಊರಿನ ಮೇಲೆ ಬಂದವರೊಡನೆ ಕಾದಿ ಸತ್ತ ಸಂಗತಿ ಅದರಲ್ಲಿದೆ. ಅದರಲ್ಲಿ ಬರುವ ‘ಪೆರ್ಬೊಳಲ್ ನಾಡು’ ಎಂಬ ಹೆಸರೇ ಸವೆದು ಸವೆದು ಹೆಬ್ಬಾಳವಾಯಿತು. ಮೇಲ್ಸೇತುವೆ, ವಿಮಾನ ನಿಲ್ದಾಣದ ದಾರಿ, ವಾಹನದಟ್ಟಣೆ ಎಂದಷ್ಟೇ ನಮಗೆ ಗೊತ್ತಿರುವ ಹೆಬ್ಬಾಳಕ್ಕೆ ಹನ್ನೆರಡೂವರೆ ಶತಮಾನಕ್ಕೂ ಹಿಂದೆಯೇ ಹೆಸರಿತ್ತು, ಅಲ್ಲಿ ಕನ್ನಡ ಕೆತ್ತುವವರಿದ್ದರು, ಓದುವವರಿದ್ದರು, ಊರಿಗಾಗಿ ಸಾಯುವವರಿದ್ದರು. ಇಷ್ಟೂ ವಿಷಯ ಚರಂಡಿಯ ಮಣ್ಣಿನ ಜೊತೆ ಲಾರಿ ಹತ್ತಿ ಹೋಗುವುದರಲ್ಲಿತ್ತು.

ಆ ಕಲ್ಲಿಗೆ ಈಗ ಒಂದು ಕಲ್ಲಿನ ಮಂಟಪವಿದೆ. ಸಾರ್ವಜನಿಕರು ಹಣ ಹಾಕಿ ಕಟ್ಟಿಸಿದ್ದು. ಇದಕ್ಕಾಗಿ ಓಡಾಡಿದವರಲ್ಲಿ ಮುಖ್ಯರು ಪಿ.ಎಲ್. ಉದಯ ಕುಮಾರ್ ಮತ್ತು ಅವರ ಗೆಳೆಯರು. ಇಂಜಿನಿಯರಿಂಗ್ ಓದಿದ ಇವರು ಬಿ.ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ವನ್ನು ಕೈಯಲ್ಲಿ ಹಿಡಿದು ಬೆಂಗಳೂರಿನ ಗಲ್ಲಿಗಳಲ್ಲಿ ಕಲ್ಲು ಹುಡುಕುತ್ತ ಹೊರಟವರು. ಮುಂದೆ 2021ರಲ್ಲಿ ಮಿಥಿಕ್ ಸೊಸೈಟಿ ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಕಾಪಿಡುವ ಯೋಜನೆ ಆರಂಭಿಸಿತು. ಬರಿಗಣ್ಣಿಗೆ ಕಾಣದಷ್ಟು ಸವೆದ ಅಕ್ಷರಗಳು ಆ ಸ್ಕ್ಯಾನಿನಲ್ಲಿ ಎದ್ದು ಬರುವುದನ್ನು ನೋಡಿದರೆ ಮೈ ಜುಮ್ಮೆನ್ನುತ್ತದೆ. ಆದರೆ ಸ್ಕ್ಯಾನ್ ಮಾಡಬೇಕಾದರೂ ಮೊದಲು ಕಲ್ಲು ಇರಬೇಕು.

ರೈಸ್ ಬೆಂಗಳೂರಿನಲ್ಲೇ 1837ರಲ್ಲಿ ಹುಟ್ಟಿದವರು. ಮೈಸೂರು ಸಂಸ್ಥಾನದಲ್ಲಿ 1885ರಲ್ಲಿ ಪುರಾತತ್ವ ಇಲಾಖೆ ಶುರುವಾದಾಗ ಅದರ ಮೊದಲ ನಿರ್ದೇಶಕರು. ಹಳ್ಳಿಹಳ್ಳಿ ತಿರುಗಿ, ತಮ್ಮ ಪಂಡಿತರೊಡನೆ ಕಲ್ಲುಗಳ ಅಚ್ಚು ತೆಗೆದು, ಸುಮಾರು ಒಂಬತ್ತು ಸಾವಿರ ಶಾಸನಗಳನ್ನು 12 ಸಂಪುಟಗಳಲ್ಲಿ ಪ್ರಕಟಿಸಿದರು. ಬೆಂಗಳೂರು ಜಿಲ್ಲೆಯದು ಒಂಬತ್ತನೆಯ ಸಂಪುಟ, 1905ರದು. ಅದರಲ್ಲಿ ಪ್ರತಿ ಶಾಸನಕ್ಕೂ ಮುಂಚೆ ಕಲ್ಲು ಎಲ್ಲಿದೆ ಎಂಬ ಟಿಪ್ಪಣಿ ಇದೆ. ಇಂಥ ಊರ ಮೂಡಲ ಹೊಲದಲ್ಲಿ, ಕೆರೆಯ ಕೋಡಿಯ ಬಳಿ, ಗುಡಿಯ ಮುಂದೆ ಎಂದು. ಆ ಟಿಪ್ಪಣಿ ಹಿಡಿದು ಹೋದವರಿಗೆ ಬಹಳಷ್ಟು ಕಡೆ ಎದುರಾದದ್ದು ಹೊಲವಲ್ಲ, ಕೋಡಿಯಲ್ಲ, ಅಪಾರ್ಟ್‌ಮೆಂಟಿನ ಕಾಂಪೌಂಡು. ರೈಸ್ ಅಚ್ಚು ತೆಗೆಯದೆ ಹೋಗಿದ್ದರೆ ಆ ಕಲ್ಲುಗಳು ಇದ್ದವೆಂಬುದೇ ನಮಗೆ ತಿಳಿಯುತ್ತಿರಲಿಲ್ಲ. ಇನ್ನು ರೈಸ್ ಕಣ್ಣಿಗೆ ಬೀಳದವು? ಹೆಬ್ಬಾಳದ ಕಲ್ಲೇ ಅಂಥದ್ದು. ನೆಲದಡಿ ಇದ್ದುದರಿಂದ ಉಳಿಯಿತು, ನೆಲ ಅಗೆದದ್ದರಿಂದ ಕಂಡಿತು, ಅಗೆದವರ ಕೈಯಲ್ಲೇ ಹೋಗಲೂಬಹುದಿತ್ತು.

ಬೇಗೂರಿನ ಶಾಸನದ ವಿಷಯ ಎಲ್ಲರಿಗೂ ಗೊತ್ತಿದೆ. ನಾಗೇಶ್ವರ ದೇವಾಲಯದ ಆವರಣದಲ್ಲಿರುವ ಸುಮಾರು ಕ್ರಿ.ಶ. 890ರ ಆ ವೀರಗಲ್ಲಿನಲ್ಲಿ ‘ಬೆಂಗಳೂರು ಕಾಳಗ’ ಎಂಬ ಮಾತಿದೆ. ಬೆಂದಕಾಳೂರಿನ ಅಜ್ಜಿಯ ಕಥೆಗೆ ಉತ್ತರ ಹೇಳುವ ಕಲ್ಲು ಅದೊಂದೇ. ಅಗರದ ಶಾಸನದ ಕಡೆಗೆ ಅಷ್ಟು ಗಮನ ಹೋಗಿಲ್ಲ, ನನಗೆ ಅದರ ಮೇಲೆ ಹೆಚ್ಚು ಪ್ರೀತಿ. ಒಂಬತ್ತನೆಯ ಶತಮಾನದ ಆ ಕಲ್ಲಿನಲ್ಲಿ ಯುದ್ಧವಿಲ್ಲ. ಎರಡು ಕೆರೆಗಳಿಗೆ ತೂಬಿನ ಕದ ಇಡಿಸಿ ಮತ್ತೊಂದು ಕೆರೆ ಕಟ್ಟಿಸಿದವನ ಹೆಸರಿದೆ. ಕಾಡುಗೋಡಿಯ 1043ರ ಶಾಸನದಲ್ಲೂ ಪಟ್ಟಂದೂರು ಕೆರೆ ಕಟ್ಟಿಸಿದ ಸಂಗತಿಯಿದೆ, ಅದು ರಾಜೇಂದ್ರ ಚೋಳನ ಕಾಲ. ಅಗರ ಇಂದು ಎಚ್‌ಎಸ್‌ಆರ್ ಲೇಔಟಿನ ಮಗ್ಗುಲು, ಕಾಡುಗೋಡಿ ವೈಟ್‌ಫೀಲ್ಡಿನ ಮಗ್ಗುಲು. ಆ ಕೆರೆಗಳ ಒತ್ತುವರಿಯ ಬಗ್ಗೆ ನ್ಯಾಯಾಲಯಗಳಲ್ಲಿ, ಸಭೆಗಳಲ್ಲಿ ಎಷ್ಟು ವಾದ ನಡೆದಿಲ್ಲ! ಕೆರೆ ಯಾವಾಗಿನದು, ಯಾರದು, ಎಲ್ಲಿಯವರೆಗೆ ಎಂಬ ಪ್ರಶ್ನೆಗೆ ಸಾಕ್ಷಿ ಹೇಳಬಲ್ಲ ಕಲ್ಲುಗಳು ಇವು. ಶಾಸನ ಉಳಿಸಿ ಎಂದರೆ ಹಳೆಯದರ ಹುಚ್ಚು ಎನ್ನುವವರಿಗೆ ನಾನು ಈ ಎರಡು ಊರುಗಳ ಹೆಸರು ಹೇಳುತ್ತೇನೆ.

ಕಲ್ಲು ಕಾಣೆಯಾಗುವ ಬಗೆ

ಯಾರೂ ದ್ವೇಷದಿಂದ ಶಾಸನ ಒಡೆಯುವುದಿಲ್ಲ. ಕ್ರಮ ಬಹಳ ಸಾದಾ. ಊರಾಚೆಯ ನಾಲ್ಕೆಂಟು ಎಕರೆ ಪರಿವರ್ತನೆಯಾಗುತ್ತದೆ. ಮೊದಲ ದಿನ ಪೂಜೆ, ಎರಡನೆಯ ದಿನ ಮಟ್ಟಸ ಮಾಡುವ ಕೆಲಸ. ಬದು, ಹುತ್ತ, ಬೇಲಿ, ಬೇವಿನ ಮರ, ಕಲ್ಲು ಎಲ್ಲ ಒಂದೇ ಬೀಸಿಗೆ ಒಂದು ಮೂಲೆಗೆ ಸೇರುತ್ತವೆ. ಆ ಗುಡ್ಡೆಯನ್ನು ಯಾವುದೋ ತಗ್ಗು ತುಂಬಲು ಒಯ್ಯುತ್ತಾರೆ. ಒಂದು ಹೊಸ ಲೇಔಟಿನಲ್ಲಿ ಜೆಸಿಬಿ ಓಡಿಸುವ ಹುಡುಗನನ್ನು ನಾನು ಈ ವಿಷಯ ಕೇಳಿದ್ದೆ. ‘ಸಾರ್, ಬಕೆಟ್ಟಿಗೆ ತಗುಲಿದಾಗ್ಲೇ ಗೊತ್ತಾಗತ್ತೆ, ಬರೀ ಬಂಡೆನಾ, ಕೆತ್ತಿದ ಕಲ್ಲಾ ಅಂತ. ಆದ್ರೆ ಗಾಡಿ ಗಂಟೆ ಲೆಕ್ಕ. ನಿಲ್ಸು ಅಂತ ಹೇಳೋರು ಯಾರು?’ ಅಂದ. ಆ ಪ್ರಶ್ನೆ ನ್ಯಾಯವಾದದ್ದು. ನಿಲ್ಲಿಸು ಎನ್ನುವವರು ಆ ಜಾಗದಲ್ಲಿ ಯಾರೂ ಇರುವುದಿಲ್ಲ.

ಜಮೀನಿನ ಒಡೆಯನ ಭಯ ಬೇರೆಯದು. ಶಾಸನ ಇದೆ ಎಂದು ಗೊತ್ತಾದರೆ ಜಾಗ ಸರ್ಕಾರದ ಪಾಲಾಗುತ್ತದೆ, ಕೆಲಸ ನಿಲ್ಲುತ್ತದೆ, ಬ್ಯಾಂಕಿನ ಬಡ್ಡಿ ಓಡುತ್ತದೆ ಎಂಬ ಮಾತು ಹಳ್ಳಿಗಳಲ್ಲಿ ಬಲವಾಗಿ ಬೇರೂರಿದೆ. ಹೀಗಾಗಿ ಕಲ್ಲು ಕಂಡ ರಾತ್ರಿಯೇ ಅದು ತಳಪಾಯಕ್ಕೆ ಸೇರುತ್ತದೆ. ಇದರ ಜೊತೆಗೆ ನಿಧಿಗಳ್ಳರು. ಅಕ್ಷರ ಇರುವ ಕಲ್ಲಿನ ಕೆಳಗೆ ಕೊಪ್ಪರಿಗೆ ಇದೆ ಎಂದು ನಂಬಿ ಅಮಾವಾಸ್ಯೆಯ ರಾತ್ರಿ ಗುಂಡಿ ತೋಡುವವರು ಈ ನಾಡಿನಲ್ಲಿ ಒಡೆದಿರುವ ಕಲ್ಲುಗಳಿಗೆ ಲೆಕ್ಕವಿಲ್ಲ. ಕಲ್ಲಿನ ನಿಧಿ ಕಲ್ಲಿನ ಮೇಲೆಯೇ ಇತ್ತು, ಅವರು ಅದನ್ನು ಒಡೆದು ಕೆಳಗೆ ಹುಡುಕಿದರು. ಭಕ್ತಿಯಿಂದ ಆಗುವ ಹಾನಿಯೂ ಉಂಟು. ವೀರಗಲ್ಲಿಗೆ ಬಣ್ಣ ಬಳಿಯುವುದು, ಗುಡಿಯ ಜೀರ್ಣೋದ್ಧಾರದ ಹೆಸರಿನಲ್ಲಿ ಶಾಸನದ ಮೇಲೆ ಟೈಲ್ಸ್ ಹೊದಿಸುವುದು, ಗೋಡೆಗೆ ಮರಳು ಬೀಸಿ ತೊಳೆದು ಅಕ್ಷರದ ಅಂಚು ಸವೆಸುವುದು. ರಸ್ತೆಗೆ ವರ್ಷವರ್ಷ ಡಾಂಬರು ಏರಿ ಏರಿ ಪಕ್ಕದ ಕಲ್ಲು ಕುತ್ತಿಗೆಯವರೆಗೆ ಹೂತುಹೋದದ್ದನ್ನು ನೀವೂ ನೋಡಿರುತ್ತೀರಿ.

ಹಿಂದಿನವರೇನು ಕಲ್ಲನ್ನು ಮುಟ್ಟಲೇ ಇಲ್ಲವೇ? ಮುಟ್ಟಿದರು. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ 1986ರಲ್ಲಿ ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿಕಾ ಗುಡಿಯ ಚಾವಣಿ ಕುಸಿದು ಬಿತ್ತು. ಅವಶೇಷ ತೆಗೆಯುವಾಗ ದೇವಿಯ ಪೀಠದ ಕಲ್ಲಿನ ಮೇಲೆ ಬ್ರಾಹ್ಮಿ ಅಕ್ಷರಗಳು ಕಂಡವು. ಅದು ಸಾಕ್ಷಾತ್ ಅಶೋಕನ ಶಾಸನ. ಯಾವ ಕಾಲದಲ್ಲೋ ಯಾರೋ ಅದನ್ನು ಪೀಠವಾಗಿಸಿ, ಮೂರ್ತಿ ನಿಲ್ಲಿಸಲು ನಡುವೆ ರಂಧ್ರ ಕೊರೆದಿದ್ದರು. ಅಷ್ಟು ಅಕ್ಷರ ಹೋಯಿತು, ಉಳಿದದ್ದು ಉಳಿಯಿತು. ಉಳಿಯಿಂದ ಕೊರೆಯುವ ಕಾಲದಲ್ಲಿ ಕಲ್ಲು ಇನ್ನೊಂದು ಕೆಲಸಕ್ಕೆ ಬಂದು ಬದುಕಿತು. ಜಲ್ಲಿ ಕ್ರಷರಿನ ಕಾಲದಲ್ಲಿ ಏನೂ ಉಳಿಯುವುದಿಲ್ಲ. ಸನ್ನತಿಯ ಪಕ್ಕದ ಕನಗನಹಳ್ಳಿಯಲ್ಲಿ ಮುಂದೆ ನಡೆದ ಉತ್ಖನನದಲ್ಲಿ ಮಹಾಸ್ತೂಪ ಸಿಕ್ಕಿತು, ಅದರ ಫಲಕವೊಂದರಲ್ಲಿ ರಾಣಿಯೊಡನೆ ನಿಂತ ಅರಸನ ಚಿತ್ರ, ಮೇಲೆ ಬ್ರಾಹ್ಮಿಯಲ್ಲಿ ‘ರಾಯೋ ಅಸೋಕೋ’ ಎಂಬ ಹೆಸರು. ಅಶೋಕನ ಹೆಸರು ಬರೆದ ಅಶೋಕನ ಚಿತ್ರ ಸಿಕ್ಕ ನೆಲ ನಮ್ಮದು. ಸಿಗುವವರೆಗೆ ಅದು ಭೀಮಾತೀರದ ಒಂದು ದಿಬ್ಬ, ಅಷ್ಟೆ. ಸಾವಿರ ಟ್ರ್ಯಾಕ್ಟರ್ ಮಣ್ಣು ಬೇಕಾದವನಿಗೆ ದಿಬ್ಬ ದಿಬ್ಬವಾಗಿಯೇ ಕಾಣುತ್ತದೆ.

ಬೂದಿದಿಬ್ಬಗಳ ಪಾಡೂ ಇದೇ. ಬಳ್ಳಾರಿ, ರಾಯಚೂರು ಸೀಮೆಯಲ್ಲಿ ಬೂದಿಯ ದೊಡ್ಡ ದೊಡ್ಡ ದಿಬ್ಬಗಳಿವೆ. ಹಂಪಿಯ ಬಳಿಯ ನಿಂಬಾಪುರದ ಬೂದಿಯನ್ನು ವಾಲಿಯ ಚಿತೆಯದು ಎಂದು ಜನ ಇಂದಿಗೂ ತೋರಿಸುತ್ತಾರೆ. ನಾಲ್ಕು ಸಾವಿರ ವರ್ಷಗಳ ಹಿಂದೆ ಇಲ್ಲಿ ದನ ಸಾಕಿ ಬದುಕಿದವರು ದೊಡ್ಡಿಯ ಸಗಣಿಯನ್ನು ಗುಡ್ಡೆ ಹಾಕಿ, ಮತ್ತೆ ಮತ್ತೆ ಸುಟ್ಟು ಮಾಡಿದ ದಿಬ್ಬಗಳು ಅವು ಎಂಬುದು ಉತ್ಖನನಗಳಿಂದ ಖಚಿತವಾಯಿತು. ಸುರಪುರ ತಾಲ್ಲೂಕಿನ ಬೂದಿಹಾಳದಲ್ಲಿ ಕೆ. ಪದ್ದಯ್ಯ ವರ್ಷಗಟ್ಟಲೆ ಅಗೆದು, ದಿಬ್ಬದ ಪಕ್ಕದಲ್ಲೇ ಜನ ವಾಸವಿದ್ದದ್ದನ್ನು ತೋರಿಸಿದರು. ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಬೂದಿಗೆ ಬೆಲೆ ಬಂದದ್ದು ಬೂದಿಯಿಂದಲ್ಲ. ಯಾವ ಪದರದ ಮೇಲೆ ಯಾವ ಪದರ, ಅದರ ಪಕ್ಕದಲ್ಲಿ ಏನು, ಮಡಕೆಯ ಚೂರು ಯಾವ ಮಟ್ಟದಲ್ಲಿ, ಮೂಳೆ ಯಾವ ಮಟ್ಟದಲ್ಲಿ ಎಂಬುದರಿಂದ. ಹೊತ್ತು ಮ್ಯೂಸಿಯಮ್ಮಿನಲ್ಲಿಟ್ಟರೆ ಬೂದಿ ಬರೀ ಬೂದಿ. ಗೊಬ್ಬರಕ್ಕೆಂದು, ರಸ್ತೆಗೆಂದು ಬೂದಿದಿಬ್ಬ ತೋಡಿದಾಗ ಹೋಗುವುದು ಈ ಪದರ, ಅದನ್ನು ಯಾವ ಸರ್ಕಾರವೂ ಮರಳಿ ಕಟ್ಟಿಸಲಾರದು.

ಬಳ್ಳಾರಿಯ ಮಗ್ಗುಲಲ್ಲೇ ಸಂಗನಕಲ್ಲು, ಕುಪ್ಪಗಲ್ಲು. ಕಲ್ಲಿನ ಕೊಡಲಿಗಳನ್ನು ರಾಶಿರಾಶಿಯಾಗಿ ಮಾಡುತ್ತಿದ್ದ ನವಶಿಲಾಯುಗದ ನೆಲೆ. 19ನೆಯ ಶತಮಾನದಲ್ಲೇ ರಾಬರ್ಟ್ ಬ್ರೂಸ್ ಫೂಟ್ ಗುರುತಿಸಿದ್ದು. ಅಲ್ಲಿನ ಕಪ್ಪು ಬಂಡೆಗಳ ಮೇಲೆ ಗೂಳಿಗಳ, ಮನುಷ್ಯರ ಕುಟ್ಟುಚಿತ್ರಗಳಿವೆ. ಕೆಲವು ಬಂಡೆಗಳನ್ನು ಬಡಿದರೆ ಗಂಟೆಯ ನಾದ. ಅದೇ ಗುಡ್ಡಕ್ಕೆ ಕ್ವಾರಿಯವರು ಬಂದರು. ಗ್ರಾನೈಟು, ಜಲ್ಲಿ ಎರಡಕ್ಕೂ ಬೇಡಿಕೆ. ವಿದ್ವಾಂಸರು ಕೂಗಿ ಕರೆದ ಮೇಲೆ ಒಂದಿಷ್ಟು ತಡೆಯಾಯಿತು. ಬಳ್ಳಾರಿಯಲ್ಲಿ ಫೂಟ್ ಹೆಸರಿನ ಸಂಗ್ರಹಾಲಯವೂ ಆಯಿತು, ಅದರ ಹಿಂದೆ ರವಿ ಕೋರಿಶೆಟ್ಟರ್ ಅವರ ದುಡಿಮೆ ದೊಡ್ಡದು. ಸಿಡಿಸಿದ ಬಂಡೆ ಮಾತ್ರ ಮತ್ತೆ ಕೂಡಿಕೊಳ್ಳಲಿಲ್ಲ.

ಆಗುವುದಿಲ್ಲ ಎನ್ನಬೇಡಿ

ಅಭಿವೃದ್ಧಿ ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ. ಮನೆ ಬೇಕು, ರಸ್ತೆ ಬೇಕು, ನೀರು ಬೇಕು. ಅಭಿವೃದ್ಧಿ, ಪರಂಪರೆ ಎರಡನ್ನೂ ಕೂಡಿಸುವ ವಿದ್ಯೆ ನಮ್ಮವರಿಗೆ ಬರುತ್ತದೆ ಎಂಬುದಕ್ಕೆ ನಮ್ಮ ನಾಡಿನಲ್ಲೂ ನೆರೆಯಲ್ಲೂ ಸಾಕ್ಷಿಗಳಿವೆ.

ನಾರಾಯಣಪುರ ಅಣೆಕಟ್ಟಿನ ಹಿನ್ನೀರು ಕೂಡಲಸಂಗಮಕ್ಕೆ ಬರುತ್ತದೆ ಎಂದಾದಾಗ ಬಸವಣ್ಣನವರ ಐಕ್ಯಮಂಟಪ ಮುಳುಗಬೇಕಿತ್ತು. ಮುಳುಗಲಿಲ್ಲ. ಅದರ ಸುತ್ತ ಬಾವಿಯಂಥ ಕಾಂಕ್ರೀಟಿನ ಗೋಡೆ ಎತ್ತರಿಸಿ, ದಂಡೆಯಿಂದ ಸೇತುವೆ ಕಟ್ಟಿದರು. ಇಂದಿಗೂ ಭಕ್ತರು ಮೆಟ್ಟಿಲಿಳಿದು ಒಳಗೆ ಹೋಗುತ್ತಾರೆ, ಹೊರಗೆ ಗೋಡೆಯ ಸುತ್ತ ಕೃಷ್ಣೆ, ಮಲಪ್ರಭೆ. ಅದೇ ಕೃಷ್ಣೆಯ ಕೆಳಹರಿವಿನಲ್ಲಿ ಶ್ರೀಶೈಲ ಅಣೆಕಟ್ಟಿಗಾಗಿ ಬಾದಾಮಿ ಚಾಲುಕ್ಯರ ಕೂಡಲಿ ಸಂಗಮೇಶ್ವರ ದೇವಾಲಯವನ್ನು ಕಲ್ಲು ಕಲ್ಲಾಗಿ ಬಿಚ್ಚಿ ಆಲಂಪುರದಲ್ಲಿ ಮತ್ತೆ ಕಟ್ಟಿದರು. ನಾಗಾರ್ಜುನಸಾಗರದ ನೀರು ಏರುವ ಮೊದಲು, 1954ರಿಂದ 1960ರವರೆಗೆ, ನಾಗಾರ್ಜುನಕೊಂಡದ ಕಣಿವೆಯನ್ನು ಭಾರತೀಯ ಪುರಾತತ್ವ ಸರ್ವೇಕ್ಷಣೆ ಉತ್ಖನನ ಮಾಡಿ, ಆಯ್ದ ಕಟ್ಟಡಗಳನ್ನು ಗುಡ್ಡದ ಮೇಲಕ್ಕೆ ಸಾಗಿಸಿತು. ನೀರಾವರಿಯವರು ಮತ್ತು ಪುರಾತತ್ವದವರು ಒಂದೇ ಕಣಿವೆಯಲ್ಲಿ ಒಂದೇ ಹೊತ್ತಿನಲ್ಲಿ ಕೆಲಸ ಮಾಡಿದ ಕಾಲ ಅದು. ಕಣ್ಣಂಬಾಡಿಯ ವೇಣುಗೋಪಾಲಸ್ವಾಮಿ ಗುಡಿಗೆ ಆ ಭಾಗ್ಯ ಆಗ ಸಿಗಲಿಲ್ಲ. ಕೆಆರ್‌ಎಸ್ ನೀರಿನಲ್ಲಿ ದಶಕಗಳ ಕಾಲ ಮುಳುಗಿ, ಬರಗಾಲದಲ್ಲಿ ಮಾತ್ರ ಮುಖ ತೋರಿಸುತ್ತಿತ್ತು. ಕೊನೆಗೆ ಖೋಡೆ ಪ್ರತಿಷ್ಠಾನದವರು ಅದರ ಕಲ್ಲುಗಳನ್ನು ಎತ್ತಿ ತಂದು ಹೊಸ ಕಣ್ಣಂಬಾಡಿಯ ದಂಡೆಯ ಮೇಲೆ ನಿಲ್ಲಿಸಿದರು.

ಶ್ರೀರಂಗಪಟ್ಟಣದ್ದು ತೀರ ಇತ್ತೀಚಿನದು. ಬೆಂಗಳೂರು–ಮೈಸೂರು ರೈಲುಮಾರ್ಗ ಜೋಡಿಯಾಗುವಾಗ ಟಿಪ್ಪುವಿನ ಕಾಲದ ಮದ್ದಿನಮನೆ ದಾರಿಗೆ ಅಡ್ಡವಾಗಿತ್ತು. 2017ರಲ್ಲಿ ಆ ಇಟ್ಟಿಗೆ ಕಟ್ಟಡವನ್ನು ಬಿಚ್ಚದೆ, ಇಡಿಯಾಗಿ, ಜಾಕುಗಳ ಮೇಲೆ ಎತ್ತಿ ನೂರು ಮೀಟರಿಗೂ ಹೆಚ್ಚು ದೂರ ಸರಿಸಿ ಕೂರಿಸಿದರು. ರೈಲೂ ಓಡುತ್ತಿದೆ, ಮದ್ದಿನಮನೆಯೂ ಇದೆ.

ಇನ್ನು ಹಂಪಿ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಆನೆಗೊಂದಿಯವರಿಗೆ ಹೊಳೆ ದಾಟಲು ತೆಪ್ಪವೇ ಗತಿಯಾಗಿದ್ದಾಗ ತಳವಾರಘಟ್ಟದ ಬಳಿ ಸೇತುವೆ ಶುರು ಮಾಡಿದರು. ಸೇತುವೆಯ ಬೇಡಿಕೆ ನ್ಯಾಯವಾದದ್ದು, ಜಾಗದ ಆಯ್ಕೆ ತಪ್ಪು. 1999ರಲ್ಲಿ ಯುನೆಸ್ಕೊ ಹಂಪಿಯನ್ನು ಅಪಾಯದಂಚಿನ ಪಟ್ಟಿಗೆ ಸೇರಿಸಿತು, ಕೆಲಸ ನಿಂತಿತು, ಹಂಪಿಯನ್ನು ನೋಡಿಕೊಳ್ಳಲು ಪ್ರಾಧಿಕಾರ ಬಂತು, 2006ರಲ್ಲಿ ಆ ಕಳಂಕ ಹೋಯಿತು. ಆಮೇಲೆ ಮತ್ತೆ ಕೈಗೆತ್ತಿಕೊಂಡ ಅದೇ ಸೇತುವೆ 2009ರ ಜನವರಿಯಲ್ಲಿ ಕುಸಿದು ಬಿದ್ದು ಕೆಲಸಗಾರರು ಪ್ರಾಣ ಬಿಟ್ಟರು. ಜನರಿಗೆ ಬೇಕಾದ ಸೇತುವೆ ಕೊನೆಗೆ ಬುಕ್ಕಸಾಗರ ಮತ್ತು ಕಡೇಬಾಗಿಲಿನ ನಡುವೆ ಆಯಿತು. ಆ ಜಾಗವನ್ನು ಮೊದಲ ದಿನವೇ ನೋಡಿದ್ದರೆ ಹಣವೂ ಕಾಲವೂ ಪ್ರಾಣವೂ ಉಳಿಯುತ್ತಿತ್ತು. ಪುರಾತತ್ವದವರನ್ನು ಕೊನೆಗೆ ಕರೆದರೆ ಅವರು ಅಡ್ಡಗಾಲು ಹಾಕಿದಂತೆ ಕಾಣುತ್ತದೆ. ಮೊದಲೇ ಕರೆದರೆ ದಾರಿ ತೋರಿಸಿದಂತೆ ಆಗುತ್ತದೆ.

ಆದರೆ ಈ ಉದಾಹರಣೆಗಳಲ್ಲಿ ಒಂದು ಸಮಾನ ಸಂಗತಿಯಿದೆ. ಎಲ್ಲವೂ ದೊಡ್ಡವು. ಧ್ವನಿ ಎತ್ತುವ ಭಕ್ತರೋ ವಿದ್ವಾಂಸರೋ ಯುನೆಸ್ಕೊದವರೋ ಇದ್ದರು. ಹೊಲದ ಬದುವಿನ ವೀರಗಲ್ಲಿಗೆ ಯಾರಿದ್ದಾರೆ? ದನ ಬಿಡಿಸಿಕೊಂಡು ಬರಲು ಹೋಗಿ ಸತ್ತವನೊಬ್ಬನ ಕಲ್ಲು ಅದು. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಅವನನ್ನು ಒಯ್ಯುವ ಅಪ್ಸರೆಯರು, ಮೇಲೆ ಲಿಂಗದೆದುರು ಕೈಮುಗಿದ ಅವನು. ಅರಮನೆಯ ಚರಿತ್ರೆಯಲ್ಲಿ ಹೆಸರಿಲ್ಲದ ಗೊಲ್ಲನಿಗೆ, ಒಕ್ಕಲಿಗನಿಗೆ, ಬೇಡನಿಗೆ ಊರವರೇ ಕೊಟ್ಟ ಜಾಗ ಅದೊಂದೇ. ಮಾಸ್ತಿಕಲ್ಲಿನ ಹೆಂಗಸಿಗಂತೂ ಬೇರೆ ಯಾವ ದಾಖಲೆಯೂ ಇಲ್ಲ. ಇವು ಹೋದರೆ ಚರಿತ್ರೆಯಲ್ಲಿ ಅರಸರು ಮಾತ್ರ ಉಳಿಯುತ್ತಾರೆ.

ಕಾನೂನಿನ ತೂತು ಎಲ್ಲಿದೆ

ಪ್ರಾಚೀನ ಸ್ಮಾರಕಗಳನ್ನು ಕಾಯಲು ಕೇಂದ್ರದ 1958ರ ಕಾಯಿದೆ ಇದೆ. 2010ರ ತಿದ್ದುಪಡಿಯಂತೆ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಕಟ್ಟಡ ನಿಷೇಧ, ಅದರಾಚೆ 200 ಮೀಟರ್ ಅನುಮತಿ ಪಡೆದೇ ಕಟ್ಟಬೇಕು. ರಾಜ್ಯದ 1961ರ ಕಾಯಿದೆ ಇದೆ. ನೂರು ವರ್ಷ ದಾಟಿದ ಶಿಲ್ಪ, ಶಾಸನಗಳನ್ನು ಪ್ರಾಚ್ಯವಸ್ತು ಎನ್ನುವ 1972ರ ಕಾಯಿದೆ ಇದೆ. ನೆಲದಲ್ಲಿ ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕೆಂಬ ಕಾನೂನು ಬ್ರಿಟಿಷರ 1878ರಿಂದಲೂ ಇದೆ. ಕ್ರಯಪತ್ರದಲ್ಲಿ ನಿಧಿ ನಿಕ್ಷೇಪ ನಿಮ್ಮದು ಎಂದು ಬರೆದಿದ್ದರೂ ಅದು ತಾನಾಗಿ ನಿಮ್ಮದಾಗುವುದಿಲ್ಲ ಎಂಬುದನ್ನು ಕೊಳ್ಳುವವರಿಗೆ ಯಾರೂ ಹೇಳುವುದಿಲ್ಲ. ಪರಂಪರೆಯನ್ನು ಕಾಪಾಡುವುದು ಪ್ರತಿ ನಾಗರಿಕನ ಕರ್ತವ್ಯ ಎಂದು ಸಂವಿಧಾನದ 51ಎ ವಿಧಿ ಹೇಳುತ್ತದೆ.

ಇಷ್ಟಿದ್ದೂ ಕಲ್ಲು ಹೋಗುತ್ತಿರುವುದಕ್ಕೆ ಕಾರಣ, ಈ ಕಾಯಿದೆಗಳ ರಕ್ಷೆ ಹೆಚ್ಚಾಗಿ ಪಟ್ಟಿಯಲ್ಲಿ ಇರುವವಕ್ಕೆ. ಕರ್ನಾಟಕದಲ್ಲಿ ಕೇಂದ್ರ ಸಂರಕ್ಷಿತ ಸ್ಮಾರಕಗಳು ಐನೂರಕ್ಕೂ ಹೆಚ್ಚು, ರಾಜ್ಯ ಸಂರಕ್ಷಿತವು ಎಂಟುನೂರಕ್ಕೂ ಹೆಚ್ಚು. ರೈಸ್ ಒಬ್ಬರೇ ಓದಿದ ಶಾಸನಗಳ ಸಂಖ್ಯೆಯ ಪಕ್ಕ ಇದನ್ನಿಟ್ಟು ನೋಡಿ. ಉಳಿದದ್ದೆಲ್ಲ ಬಯಲಿನಲ್ಲಿದೆ. ಪರಿಸರ ಅನುಮತಿಯ 2006ರ ಅಧಿಸೂಚನೆ ಸಾಂಸ್ಕೃತಿಕ ಮಹತ್ವದ ಜಾಗಗಳ ಬಗ್ಗೆ ಕೇಳುವುದು ನಿಜ. ಆದರೆ ಕಟ್ಟಡ 20,000 ಚದರ ಮೀಟರ್ ಮುಟ್ಟಿದರಷ್ಟೇ ಆ ಪ್ರಶ್ನೆ. ಅದೂ ಅರ್ಜಿದಾರನೇ ತುಂಬುವ ನಮೂನೆ. ಅಗೆಯುವ ಮೊದಲು ಒಬ್ಬ ಬಲ್ಲವರು ಆ ನೆಲದ ಮೇಲೆ ನಡೆದು ನೋಡಲೇಬೇಕು ಎಂಬ ಕಟ್ಟುಪಾಡು ನಮ್ಮಲ್ಲಿಲ್ಲ. ಇಂಗ್ಲೆಂಡಿನಲ್ಲಿ 1990ರಿಂದ ಅದು ಯೋಜನೆಯ ಅನುಮತಿಯ ಭಾಗವೇ ಆಯಿತು. ಕಟ್ಟುವವನೇ ಪರಿಶೀಲನೆಯ ಖರ್ಚು ಹೊರಬೇಕು ಎಂಬ ರೀತಿ ಅಲ್ಲಿ ಬೇರೂರಿತು. ಲಂಡನ್ನಿನ ಕಟ್ಟಡ ಉದ್ಯಮವೇನೂ ಮುಳುಗಲಿಲ್ಲ.

ನಮ್ಮಲ್ಲಿ ಅಷ್ಟು ದೊಡ್ಡ ಏರ್ಪಾಟು ಬರುವವರೆಗೆ ಕಾಯಬೇಕಿಲ್ಲ. ಭೂಕಂದಾಯ ಕಾಯಿದೆಯ 95ನೇ ಕಲಮಿನಡಿ ಪರಿವರ್ತನೆಯ ಅರ್ಜಿ ಬಂದಾಗ ಬೇರೆ ಬೇರೆ ಇಲಾಖೆಗಳ ಅಭಿಪ್ರಾಯ ಕೇಳುವ ಪದ್ಧತಿ ಇದ್ದೇ ಇದೆ. ಅದಕ್ಕೆ ಪುರಾತತ್ವ ಇಲಾಖೆಯನ್ನು ಸೇರಿಸಿ, ಇಂತಿಷ್ಟು ದಿನದಲ್ಲಿ ಉತ್ತರಿಸದಿದ್ದರೆ ಅಡ್ಡಿಯಿಲ್ಲವೆಂದೇ ಅರ್ಥ ಎಂಬ ಗಡುವು ಇಡಲಿ. ಆಗ ಕೆಲಸ ನಿಲ್ಲುತ್ತದೆಂಬ ಭಯವೂ ಇರುವುದಿಲ್ಲ. ಗೊತ್ತಿರುವ ಶಾಸನ, ವೀರಗಲ್ಲುಗಳ ಸರ್ವೆ ನಂಬರನ್ನು ಪಹಣಿಗೆ ಜೋಡಿಸಲಿ. ಪಹಣಿಯಲ್ಲಿ ಸಾಲ, ಭೋಗ್ಯ, ತಕರಾರು ಬರೆಯುವ ಒಂದು ಅಂಕಣವಿದೆ, ಋಣಗಳು ಎಂದೇ ಅದರ ಹೆಸರು. ಆ ಭೂಮಿ ಹೊತ್ತಿರುವ ಕಲ್ಲಿನ ಋಣಕ್ಕೆ ಅದಕ್ಕಿಂತ ಸರಿಯಾದ ಜಾಗ ಇನ್ನೊಂದಿಲ್ಲ. ಅಲ್ಲಿ ಒಂದು ಸಾಲು ಬಿದ್ದರೆ ವಕೀಲರು ಓದುತ್ತಾರೆ, ಬ್ಯಾಂಕಿನವರು ಓದುತ್ತಾರೆ, ಕೊಳ್ಳುವವರು ಕೇಳುತ್ತಾರೆ. ಲೇಔಟ್ ಮಾಡುವವರು ಉದ್ಯಾನಕ್ಕೆ ಹೇಗೂ ಜಾಗ ಬಿಡಲೇಬೇಕು. ನಕ್ಷೆ ಎಳೆಯುವಾಗ ಆ ಉದ್ಯಾನವನ್ನು ಕಲ್ಲು ಇರುವ ಕಡೆಗೇ ತಂದರೆ ಒಂದು ನಿವೇಶನವೂ ನಷ್ಟವಾಗದು. ಜೆಸಿಬಿಯವರಿಗೆ, ಮೇಸ್ತ್ರಿಗಳಿಗೆ ಅರ್ಧ ದಿನದ ತಿಳಿವಳಿಕೆ ಕೊಟ್ಟು, ಒಂದು ಫೋನ್ ನಂಬರ್ ಕೊಡಲಿ. ನಿಲ್ಲಿಸಿದ ಗಂಟೆಗೆ ಬಾಡಿಗೆ ಕಟ್ಟಿಕೊಡಲಿ. ಆ ಹುಡುಗ ಕೇಳಿದ ಪ್ರಶ್ನೆಗೆ ಉತ್ತರ ಇಷ್ಟು ಸಣ್ಣದು.

ಇಲಾಖೆಯ ಮೇಲೆ ಎಲ್ಲವನ್ನೂ ಹೊರಿಸಿ ನಾವು ಸುಮ್ಮನಿರುವಂತಿಲ್ಲ. ಸಾವಿರಾರು ಹಳ್ಳಿಗಳಿಗೆ ಬೆರಳೆಣಿಕೆಯ ಸಿಬ್ಬಂದಿ. ಹೆಬ್ಬಾಳದ ಕಲ್ಲು ಉಳಿದದ್ದು ನೋಡಿದವರು ಸುಮ್ಮನೆ ಹೋಗದಿದ್ದುದರಿಂದ.

ಈ ಲೇಖನ ಓದುವ ಬಹಳ ಮಂದಿಯ ಊರಲ್ಲಿ ಅಂಥ ಒಂದು ಕಲ್ಲು ಇದ್ದೇ ಇರುತ್ತದೆ. ಚಿಕ್ಕವರಿದ್ದಾಗ ಅದರ ಮೇಲೆ ಕೂತು ಆಡಿರುತ್ತೀರಿ, ಅಮ್ಮ ಅದರ ಮೇಲೆ ಬಟ್ಟೆ ಒಗೆದಿರುತ್ತಾರೆ. ಮುಂದಿನ ಸಲ ಊರಿಗೆ ಹೋದಾಗ ಅದು ಇದೆಯೇ ನೋಡಿ. ಇದ್ದರೆ ಬೆಳಗಿನ ಓರೆಬಿಸಿಲಿನಲ್ಲಿ ಫೋಟೊ ತೆಗೆಯಿರಿ, ಅಕ್ಷರ ಆಗಲೇ ಚೆನ್ನಾಗಿ ಕಾಣುವುದು. ಸುಣ್ಣ, ಬಣ್ಣ, ಎಣ್ಣೆ ಹಚ್ಚಬೇಡಿ, ಉಜ್ಜಿ ತೊಳೆಯಬೇಡಿ, ಕಿತ್ತು ಬೇರೆಡೆ ನಿಲ್ಲಿಸಬೇಡಿ. ಸರ್ವೆ ನಂಬರ್ ಬರೆದುಕೊಂಡು ಪಂಚಾಯಿತಿಗೆ, ತಹಶೀಲ್ದಾರರಿಗೆ, ಮೈಸೂರಿನ ಪುರಾತತ್ವ ಇಲಾಖೆಗೆ ಒಂದೊಂದು ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಲೇಔಟಿನ ನಕ್ಷೆ ಮಂಜೂರಾಗುವ ಮೊದಲೇ ಕೊಡಿ.